ತಗ್ಗುವ ಗೋಡೆ, ಏರುವ ಲೆಕ್ಕ

ಎಂಟು ಅಡಿ ಎತ್ತರಕ್ಕೆ ಕಟ್ಟಿದ ಗೋಡೆ ನಾಲ್ಕೈದು ವರ್ಷಗಳಲ್ಲಿ ಹೆಚ್ಚುಕಡಿಮೆ ಅರ್ಧ ಅಡಿ ತಗ್ಗುತ್ತದೆ ಎಂದರೆ ನಮ್ಮ ಕಡೆಯ ಯಾವ ಮೇಸ್ತ್ರಿಯೂ ಒಪ್ಪಲಿಕ್ಕಿಲ್ಲ. ಅಂಥ ಗೋಡೆ ಅವನ ಲೆಕ್ಕದಲ್ಲಿ ಬಿದ್ದ ಗೋಡೆಯೇ. ಆದರೆ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲೋ ಅಮೆರಿಕದ ಮೊಂಟಾನಾದಲ್ಲೋ ಹಸಿ ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಮಲಗಿಸಿ ಮನೆ ಕಟ್ಟುವವರಿಗೆ ಇದು ದಿನನಿತ್ಯದ ಮಾತು. ಗೋಡೆ ತಗ್ಗಲೇಬೇಕು, ತಗ್ಗದೆ ಎಲ್ಲಾದರೂ ಸಿಕ್ಕಿಕೊಂಡರೆ ಆಗ ಅದು ಕೆಟ್ಟ ಕೆಲಸ. ಅಲ್ಲಿ ತಮಗೆ ಬೇಕಾದಂತೆ ನಕ್ಷೆ ಬರೆಸಿ ದಿಮ್ಮಿ ಮನೆ ಕಟ್ಟಿಸುವವರು ಮೊದಲು ಕೇಳುವ ಪ್ರಶ್ನೆ ದಿಮ್ಮಿಗೆಷ್ಟು, ಚದರಡಿಗೆಷ್ಟು ಎಂದು. ಅದು ಎರಡನೆಯ ಪ್ರಶ್ನೆಯಾಗಬೇಕಿತ್ತು. ಈ ಮನೆಯ ಖರ್ಚನ್ನು ತೀರ್ಮಾನಿಸುವುದು ದಿಮ್ಮಿಯ ಬೆಲೆಗಿಂತ ಹೆಚ್ಚಾಗಿ ದಿಮ್ಮಿ ಒಣಗುವ ರೀತಿ. ಆ ರೀತಿಯನ್ನು ಕಾಗದದ ಮೇಲೇ ಅರ್ಥ ಮಾಡಿಕೊಂಡವರ ಬಜೆಟ್ ಉಳಿಯುತ್ತದೆ, ಮಾಡಿಕೊಳ್ಳದವರದು ಗೋಡೆಯ ಜೊತೆಗೇ ಕುಸಿಯುತ್ತದೆ.

ಈ ಕಟ್ಟಡ ಕಲೆ ಅಮೆರಿಕದ ಮಣ್ಣಿನಲ್ಲಿ ಹುಟ್ಟಿದ್ದಲ್ಲ. 1638ರಲ್ಲಿ ಡೆಲವೇರ್ ನದಿಯ ದಡದಲ್ಲಿ ‘ಹೊಸ ಸ್ವೀಡನ್’ ವಸಾಹತು ಹೂಡಿದ ಸ್ವೀಡನ್ನಿನವರು ಮತ್ತು ಫಿನ್ಲೆಂಡಿನವರು ತಮ್ಮೂರಿನ ಪದ್ಧತಿಯನ್ನು ಜೊತೆಗೆ ತಂದರು. ನ್ಯೂಜೆರ್ಸಿಯ ಗಿಬ್ಸ್‌ಟೌನ್‌ನಲ್ಲಿರುವ ನಾಥ್ನೇಗಲ್ ಮನೆ ಆ ಕಾಲದ್ದೆಂದು ಹೇಳುತ್ತಾರೆ. ಮುಂದೆ ಲಿಂಕನ್ ಹುಟ್ಟಿದ್ದು ಕೆಂಟಕಿಯ ದಿಮ್ಮಿ ಗುಡಿಸಲಿನಲ್ಲಿ ಎಂಬುದು ರಾಜಕೀಯ ಪುರಾಣವಾಯಿತು. 1862ರ ಹೋಮ್‌ಸ್ಟೆಡ್ ಕಾಯ್ದೆ 160 ಎಕರೆ ಜಮೀನು ಕೊಟ್ಟು, ಐದು ವರ್ಷ ಅಲ್ಲೇ ವಾಸವಿದ್ದು ಸಾಗುವಳಿ ಮಾಡಬೇಕೆಂದಾಗ, ಕಾಡು ಪಕ್ಕದಲ್ಲಿದ್ದವರು ಕೊಡಲಿ ಹಿಡಿದು ತಾವೇ ಮನೆ ಎಬ್ಬಿಸಿಕೊಂಡರು. ಅಂದರೆ ಅದು ಬಡವನ ಮನೆ: ಮರ ಪುಕ್ಕಟೆ, ಕೂಲಿ ಸ್ವಂತದ್ದು. ಇಂದು ಅದೇ ಮನೆ ಸಾಮಾನ್ಯ ಮರದ ಚೌಕಟ್ಟಿನ ಮನೆಗಿಂತ ದುಬಾರಿ. ನಡುವೆ ಆದದ್ದೇನೆಂದರೆ ಮರಕ್ಕೂ ಕೈಕೆಲಸಕ್ಕೂ ಬೆಲೆ ಬಂತು. ಕಸುಬು ಹೆಚ್ಚುಕಡಿಮೆ ಮರೆತುಹೋಗುತ್ತಿದ್ದಾಗ, 1970ರ ದಶಕದಲ್ಲಿ ಬ್ರಿಟಿಷ್ ಕೊಲಂಬಿಯಾದ ಪ್ರಿನ್ಸ್ ಜಾರ್ಜ್‌ನಲ್ಲಿ ಬಿ. ಆಲನ್ ಮ್ಯಾಕಿ ಎಂಬಾತ ಶಾಲೆ ತೆರೆದು, ಪುಸ್ತಕ ಬರೆದು, ಅದನ್ನು ಹೊಸ ತಲೆಮಾರಿಗೆ ದಾಟಿಸಿದ. ಕೈಕೆಲಸದ ದಿಮ್ಮಿ ಮನೆಯ ಇಂದಿನ ಬಡಗಿಗಳಲ್ಲಿ ಅನೇಕರ ವಿದ್ಯೆಯ ಬೇರು ಆ ಶಾಲೆಯ ಕಡೆಗೇ ಹೋಗುತ್ತದೆ.

ಕೆಲಸದ ಕ್ರಮ ಕೇಳಲು ಸರಳ. ಚಳಿಗಾಲದಲ್ಲಿ ಕಡಿದ ಮರದ ತೊಗಟೆಯನ್ನು ಎರಡೂ ಕಡೆ ಹಿಡಿಯಿರುವ ಕತ್ತಿಯಿಂದ ಎಳೆದೆಳೆದು ಸುಲಿಯುತ್ತಾರೆ. ಯಾವ ಎರಡು ದಿಮ್ಮಿಯೂ ಒಂದೇ ಆಕಾರದ್ದಲ್ಲ: ಬುಡ ದಪ್ಪ, ತುದಿ ಸಣ್ಣ, ನಡುವೆ ಗಂಟು, ಡೊಂಕು. ಆದ್ದರಿಂದ ಮೇಲಿನ ದಿಮ್ಮಿಯನ್ನು ಕೆಳಗಿನದರ ಮೇಲಿಟ್ಟು, ಕೈವಾರದಂಥ ಎರಡು ಮೊನೆಯ ಉಪಕರಣವನ್ನು ಉದ್ದಕ್ಕೂ ಎಳೆದು, ಕೆಳಗಿನ ದಿಮ್ಮಿಯ ಉಬ್ಬುತಗ್ಗುಗಳನ್ನೆಲ್ಲ ಮೇಲಿನದರ ಹೊಟ್ಟೆಯ ಮೇಲೆ ಗೆರೆಯಾಗಿ ಮೂಡಿಸುತ್ತಾರೆ. ಆ ಗೆರೆ ಹಿಡಿದು ಉದ್ದನೆಯ ತೋಡು ಕೊರೆದರೆ ಮೇಲಿನದು ಕೆಳಗಿನದರ ಮೇಲೆ ಅಂಟಿದಂತೆ ಕೂರುತ್ತದೆ. ಮೂಲೆಗಳಲ್ಲಿ ಕಚ್ಚು ಹೊಡೆದು ಒಂದನ್ನೊಂದು ತಬ್ಬಿಸುತ್ತಾರೆ. ಇದೆಲ್ಲ ನಡೆಯುವುದು ಬಡಗಿಯ ಅಂಗಳದಲ್ಲಿ. ಇಡೀ ಮನೆ ಅಲ್ಲಿ ಒಮ್ಮೆ ಎದ್ದು ನಿಂತು, ದಿಮ್ಮಿಗಳ ಮೇಲೆ ನಂಬರು ಬಿದ್ದು, ಮತ್ತೆ ಬಿಚ್ಚಿಕೊಂಡು, ಲಾರಿ ಏರಿ ಮಾಲೀಕನ ಜಾಗಕ್ಕೆ ಹೋಗುತ್ತದೆ. ಅಲ್ಲಿ ಕ್ರೇನ್ ಬಂದು ಕೆಲವೇ ದಿನಗಳಲ್ಲಿ ಮರುಜೋಡಣೆ ಮುಗಿಯುತ್ತದೆ. ನೋಡುವವರಿಗೆ ಮನೆ ಆಗಿಯೇ ಹೋಯಿತು ಅನ್ನಿಸುವುದು ಆಗ. ನಿಜಕ್ಕೂ ಆಗ ಶುರುವಾಗಿರುತ್ತದಷ್ಟೆ.

ದಿಮ್ಮಿ ಹೇಗೆ ಒಣಗುತ್ತದೆ ಎಂಬಲ್ಲಿಗೆ ಬರೋಣ. ಹಸಿ ಮರದಲ್ಲಿ ನೀರು ಎರಡು ಕಡೆ ಇರುತ್ತದೆ: ಜೀವಕೋಶದ ಪೊಳ್ಳಿನಲ್ಲಿ, ಮತ್ತು ಕೋಶದ ಗೋಡೆಯ ಒಳಗೇ. ಪೊಳ್ಳಿನ ನೀರು ಮೊದಲು ಹೋಗುತ್ತದೆ. ಅದು ಹೋದರೆ ಮರ ಹಗುರಾಗುತ್ತದೆ, ಕುಗ್ಗುವುದಿಲ್ಲ. ತೇವಾಂಶ ಶೇ 30ರ ಸುಮಾರಿಗೆ ಇಳಿದ ಮೇಲೆ ಕೋಶದ ಗೋಡೆಯೇ ಒಣಗತೊಡಗುತ್ತದೆ, ಆಗ ಮರ ಕುಗ್ಗುತ್ತದೆ. ಕುಗ್ಗುವುದೂ ಅಡ್ಡಕ್ಕೆ, ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕೇ ಬಾರದಷ್ಟು ಅಲ್ಪ. ನಿಂತ ಕಂಬ ತನ್ನ ಎತ್ತರ ಕಳೆದುಕೊಳ್ಳುವುದಿಲ್ಲ, ಮಲಗಿದ ದಿಮ್ಮಿ ತನ್ನ ದಪ್ಪ ಕಳೆದುಕೊಳ್ಳುತ್ತದೆ. ನಮ್ಮ ಮಲೆನಾಡಿನ ತೊಟ್ಟಿಮನೆಗಳಲ್ಲಿ ಮರ ಧಾರಾಳವಾಗಿದ್ದರೂ ಅದು ಭಾರ ಹೊತ್ತದ್ದು ನಿಂತ ಕಂಬವಾಗಿ, ಮೇಲೆ ಅಡ್ಡಹಾಯ್ದ ತೊಲೆಯಾಗಿ, ಜಂತಿಯಾಗಿ. ಗೋಡೆ ಮಣ್ಣಿನದೋ ಕಲ್ಲಿನದೋ ಆಗಿತ್ತು. ಹಾಗಾಗಿ ಈ ಸಮಸ್ಯೆಯ ಪರಿಚಯವೇ ನಮಗಾಗಲಿಲ್ಲ. ದಿಮ್ಮಿ ಮನೆಯಲ್ಲಾದರೋ ಒಂದು ಗೋಡೆಯಲ್ಲಿ ಏಳೆಂಟು ದಿಮ್ಮಿಗಳು ಮಲಗಿರುತ್ತವೆ, ಎಲ್ಲವೂ ಅಷ್ಟಷ್ಟು ತೆಳ್ಳಗಾಗುತ್ತವೆ, ಮೇಲಿನ ಭಾರಕ್ಕೆ ತೋಡುಗಳು ಇನ್ನಷ್ಟು ಒತ್ತಿಕೊಳ್ಳುತ್ತವೆ. ಹಸಿ ದಿಮ್ಮಿಗಾದರೆ ಗೋಡೆಯ ಎತ್ತರದಲ್ಲಿ ಶೇ 6ರಷ್ಟು ಇಳಿತವನ್ನು ಲೆಕ್ಕ ಹಿಡಿಯುವುದು ಕಸುಬಿನವರ ರೂಢಿ. ಬಲ್ಲ ಬಡಗಿಯ ಕೈಚಳಕ ಕಾಣುವುದು ಇಲ್ಲಿಯೇ. ಪ್ರತಿ ದಿಮ್ಮಿಯ ನೆತ್ತಿಯ ಮೇಲೆ ಉದ್ದಕ್ಕೂ ಒಂದು ಗರಗಸದ ಸೀಳು ಹಾಕಿಬಿಡುತ್ತಾನೆ. ಒಣಗುವ ಮರ ಎಲ್ಲಾದರೂ ಬಿರಿಯಲೇಬೇಕಾದ್ದರಿಂದ, ಕಣ್ಣಿಗೆ ಕಾಣುವ ಹೊಟ್ಟೆಯಲ್ಲಿ ಬಿರಿಯದೆ ಮೇಲಿನ ತೋಡು ಮುಚ್ಚಿಕೊಳ್ಳುವ ಕಡೆಯೇ ಬಿರಿಯಲಿ ಎಂದು. ಮೂಲೆಯ ಕಚ್ಚಿನಲ್ಲಿ ಬೇಕೆಂದೇ ತುಸು ಸಂದು ಬಿಡುತ್ತಾನೆ. ಕಚ್ಚು ಹೊಡೆದಲ್ಲಿ ಹೊರಪದರದ ಮರ ಹೋಗಿರುವುದರಿಂದ ಆ ಭಾಗ ಕಡಿಮೆ ಕುಗ್ಗುತ್ತದೆ; ಸಂದು ಬಿಡದಿದ್ದರೆ ಕಾಲಾಂತರದಲ್ಲಿ ದಿಮ್ಮಿಗಳೆಲ್ಲ ಮೂಲೆಗಳಲ್ಲಿ ನೇತಾಡಿ ನಡುವೆ ಗಾಳಿ ನುಗ್ಗುತ್ತದೆ. ಹೊಸ ಮನೆಯ ಮೂಲೆಯ ಸಂದನ್ನು ಅಜಾಗರೂಕತೆ ಎಂದುಕೊಳ್ಳುವವರಿಗೆ ಐದು ವರ್ಷ ಕಳೆದ ಮೇಲೆ ಅದು ಮುಚ್ಚಿಕೊಂಡಿರುವುದು ಕಾಣುತ್ತದೆ.

ಈ ಇಳಿತವೊಂದು ನಕ್ಷೆಯ ಪ್ರತಿಯೊಂದು ಗೆರೆಗೂ ಬೆಲೆ ಕಟ್ಟುತ್ತದೆ. ಕಿಟಕಿ ಬಾಗಿಲುಗಳ ನೆತ್ತಿಯ ಮೇಲೆ ಖಾಲಿ ಜಾಗ ಬಿಟ್ಟು, ಅದನ್ನು ಮರದ ಪಟ್ಟಿಯಿಂದ ಮರೆಮಾಡಬೇಕು. ಇಲ್ಲವಾದರೆ ಗೋಡೆ ಇಳಿದು ಗಾಜಿನ ಮೇಲೆ ಕೂರುತ್ತದೆ. ಒಳಗಿನ ಕಂಬ ಕುಗ್ಗುವುದಿಲ್ಲ, ಸುತ್ತಲಿನ ಗೋಡೆ ಕುಗ್ಗುತ್ತದೆ. ಹಾಗಾಗಿ ಕಂಬದ ಕೆಳಗೋ ಮೇಲೋ ಸ್ಕ್ರೂ ಜ್ಯಾಕ್ ಇಟ್ಟು, ಮೊದಲ ಕೆಲವು ವರ್ಷ ಆಗಾಗ ತಿರುಗಿಸಿ ಕಂಬವನ್ನು ಇಳಿಸುತ್ತಿರಬೇಕು. ಕಲ್ಲಿನ ಚಿಮಣಿ ಇದ್ದಲ್ಲೇ ಇರುತ್ತದೆ, ಮಾಡು ಅದರ ಸುತ್ತ ಜಾರುತ್ತದೆ. ಆ ಸಂದಿನಲ್ಲಿ ನೀರಿಳಿಯದಂತೆ ತಗಡಿನ ಹೊದಿಕೆ ಜಾರುವ ಹಾಗೆಯೇ ಇರಬೇಕು. ನೀರಿನ ಪೈಪು, ವಿದ್ಯುತ್ ಕೊಳವೆ, ಮೆಟ್ಟಿಲು, ಅಡುಗೆಮನೆಯ ಕಪಾಟು, ಒಳಗಿನ ಸಾಮಾನ್ಯ ಗೋಡೆ ಇವೆಲ್ಲಕ್ಕೂ ಇದೇ ಉಪಚಾರ ಬೇಕು. ಎರಡು ಮಹಡಿಯಾದರೆ ಇಳಿತವೂ ಇಮ್ಮಡಿ. ಪ್ರತಿ ಹೆಚ್ಚುವರಿ ಮೂಲೆಗೂ ಕಚ್ಚು ಹೊಡೆಯುವ ಕೂಲಿ ಬೀಳುತ್ತದೆ. ಮುರುಕು ಮುರುಕಾದ ಮಾಡು ಮರಕ್ಕಿಂತ ಹೆಚ್ಚು ಹಣ ನುಂಗುತ್ತದೆ. ನಾಲ್ಕು ಮೂಲೆಯ ನೇರ ಮನೆಗೂ ಹನ್ನೆರಡು ಮೂಲೆಯ ಮನೆಗೂ ಚದರಡಿ ಒಂದೇ ಇರಬಹುದು, ಬಿಲ್ಲು ಒಂದೇ ಇರುವುದಿಲ್ಲ. ಚದರಡಿಯ ದರ ಹಿಡಿದು ಬಜೆಟ್ ಮಾಡುವವರು ಮೋಸಹೋಗುವುದು ಹೀಗೆ. ದಿಮ್ಮಿ ಮನೆಯ ಅನುಭವವಿರುವ ವಿನ್ಯಾಸಕಾರನಿಗೆ ಕೊಡುವ ಶುಲ್ಕ ಇಲ್ಲಿ ದುಂದಲ್ಲ. ಕಾಗದದ ಮೇಲೆ ಅಳಿಸಿದ ಒಂದು ಮೂಲೆಗೆ ರಬ್ಬರಿನ ಖರ್ಚು. ಕೊರೆದ ಮೇಲೆ ಬದಲಿಸಿದ ಒಂದು ಕಿಟಕಿಗೆ ಇಡೀ ಗೋಡೆಯ ಖರ್ಚು.

ಇನ್ನು ಮೊತ್ತದ ಮಾತು. ಬಡಗಿಯ ಅಂಗಳದಿಂದ ಬರುವ ದಿಮ್ಮಿಗಳ ಕವಚ, ಅಂದರೆ ಗೋಡೆ ಮತ್ತು ಮಾಡಿನ ದಪ್ಪ ತೊಲೆಗಳು, ಪೂರ್ತಿ ಮುಗಿದ ಮನೆಯ ಖರ್ಚಿನ ಕಾಲುಭಾಗದಿಂದ ಮೂರನೆಯ ಒಂದು ಭಾಗ ಮಾತ್ರ ಎಂಬುದು ಆ ಕಸುಬಿನಲ್ಲಿ ಎಲ್ಲರೂ ಹೇಳುವ ಅಂದಾಜು. ಕವಚಕ್ಕೆ ಒಂದು ಲಕ್ಷ ಡಾಲರ್ ಎಂದು ಕೇಳಿ ಖುಷಿಪಟ್ಟವರು ಮೂರು, ನಾಲ್ಕು ಲಕ್ಷಕ್ಕೆ ಸಿದ್ಧರಾಗಿರಬೇಕು. ಜಾಗದ ಬೆಲೆ ಬೇರೆ. ಇಂಥ ಮನೆಗೆ ಜನ ಆರಿಸುವುದು ಕಾಡಂಚನ್ನು, ಕೆರೆಯ ದಡವನ್ನು. ಅಲ್ಲಿ ಬಾವಿ ಕೊರೆಸಬೇಕು, ಮಲದ ಗುಂಡಿ ಕಟ್ಟಿಸಬೇಕು, ವಿದ್ಯುತ್ ತಂತಿ ಎಳೆಸಬೇಕು, ನಲವತ್ತು ಅಡಿ ದಿಮ್ಮಿ ಹೊತ್ತ ಟ್ರೇಲರ್ ತಿರುಗುವಷ್ಟು ಅಗಲದ ದಾರಿ ಮಾಡಬೇಕು, ಕ್ರೇನ್ ನಿಲ್ಲಲು ಗಟ್ಟಿ ನೆಲ ಬೇಕು. ಇವು ಯಾವುವೂ ಸುಂದರ ಕ್ಯಾಟಲಾಗಿನ ಚಿತ್ರಗಳಲ್ಲಿ ಕಾಣುವುದಿಲ್ಲ. ಸಾಲ ಕೊಡುವ ಬ್ಯಾಂಕು ಕೆಲಸ ನಡೆದಷ್ಟೂ ಕಂತು ಬಿಡುತ್ತದೆ. ಬಡಗಿಯೋ, ದಿಮ್ಮಿ ಜಾಗಕ್ಕೆ ಬರುವ ಎಷ್ಟೋ ತಿಂಗಳ ಮೊದಲೇ ಮುಂಗಡ ಕೇಳುತ್ತಾನೆ. ಈ ಎರಡರ ನಡುವಿನ ಹಣ ಮಾಲೀಕನ ಕೈಯಲ್ಲೇ ಇರಬೇಕು. ಸುತ್ತಮುತ್ತ ಹೋಲಿಕೆಗೆ ಇನ್ನೊಂದು ದಿಮ್ಮಿ ಮನೆ ಮಾರಾಟವಾಗಿರದಿದ್ದರೆ ಬ್ಯಾಂಕಿನ ಮೌಲ್ಯಮಾಪಕ ಮನೆಗೆ ಕಟ್ಟುವ ಬೆಲೆ ಖರ್ಚಿಗಿಂತ ಕಡಿಮೆ ಬರುವುದುಂಟು. ಇವೆಲ್ಲದರ ಮೇಲೆ ನೂರಕ್ಕೆ ಹತ್ತು, ಹದಿನೈದು ಕಾದಿರಿಸಿಕೊಳ್ಳದೆ ಹೊರಟವರು ಕೊನೆಗೆ ಕೈಯಿಡುವುದು ಮಾಡಿನ ಗುಣಮಟ್ಟಕ್ಕೆ. ಅದಕ್ಕಿಂತ ತಪ್ಪು ಉಳಿತಾಯ ಇನ್ನೊಂದಿಲ್ಲ.

ಇಷ್ಟೆಲ್ಲ ತಾಪತ್ರಯ ಯಾಕೆ, ಕಾರ್ಖಾನೆಯಲ್ಲಿ ಒಣಗಿಸಿ ಒಂದೇ ಅಳತೆಗೆ ಯಂತ್ರ ಕೊರೆದ ದಿಮ್ಮಿಗಳ ಕಿಟ್ ತಂದರಾಯಿತಲ್ಲ ಎನ್ನುವವರಿದ್ದಾರೆ. ನ್ಯಾಯವಾದ ಮಾತು. ಅದರಲ್ಲಿ ಇಳಿತ ಕಡಿಮೆ, ಬೆಲೆಯೂ ಸಾಮಾನ್ಯವಾಗಿ ಕಡಿಮೆ. ಕೈ ಬಿಗಿಯಿರುವವರಿಗೆ ಅದೇ ಸರಿ. ಆದರೆ ಕಡಿಮೆ ಎಂದರೆ ಇಲ್ಲವೆಂದಲ್ಲ, ಕಿಟಕಿಯ ಮೇಲೆ ಅಲ್ಲಿಯೂ ಜಾಗ ಬಿಡಲೇಬೇಕು. ದಿಮ್ಮಿ ಮನೆ ಬೇಗ ಏಳುತ್ತದೆ ಎನ್ನುವವರು ಕ್ವೆಬೆಕ್‌ನ ಶಾಟೊ ಮಾಂಟೆಬೆಲ್ಲೊವನ್ನು ತೋರಿಸುತ್ತಾರೆ: 1930ರಲ್ಲಿ, ಬ್ರಿಟಿಷ್ ಕೊಲಂಬಿಯಾದಿಂದ ತರಿಸಿದ ಸುಮಾರು ಹತ್ತು ಸಾವಿರ ಕೆಂಪು ದೇವದಾರು ದಿಮ್ಮಿಗಳಿಂದ, ಫಿನ್ಲೆಂಡ್ ಮೂಲದ ವಿಕ್ಟರ್ ನಿಮಾರ್ಕ್‌ನ ಮೇಸ್ತ್ರಿಕೆಯಲ್ಲಿ, ನಾಲ್ಕೇ ತಿಂಗಳಲ್ಲಿ ಎದ್ದ ದೊಡ್ಡ ಕಟ್ಟಡ. ಹೌದು, ಆದರೆ ಸಾವಿರಾರು ಕೆಲಸಗಾರರು ದುಡಿದರು, ಹಿಂದೆ ಶ್ರೀಮಂತರ ಕ್ಲಬ್ಬಿನ ಥೈಲಿ ಇತ್ತು. ಒಬ್ಬ ಗೃಹಸ್ಥನಿಗೆ ಅದು ಮಾದರಿಯಾಗಲಾರದು. ಮರದ ಗೋಡೆ ಚಳಿ ತಡೆಯುವುದಿಲ್ಲ ಎಂಬ ಆಕ್ಷೇಪ ಹೆಚ್ಚು ತೂಕದ್ದು. ಇಂಚಿಗಿಷ್ಟು ಎಂದು ಅಳೆದರೆ ಗಾಜುನೂಲು ತುಂಬಿದ ಗೋಡೆಗಿಂತ ಮರ ಹಿಂದೆಯೇ. ದಪ್ಪ ದಿಮ್ಮಿ ಹಗಲಿನ ಶಾಖ ಹಿಡಿದಿಟ್ಟುಕೊಂಡು ರಾತ್ರಿ ಬಿಡುತ್ತದೆ ಎಂಬುದು ನಿಜ, ಹಗಲು ರಾತ್ರಿಗಳ ಅಂತರ ಹೆಚ್ಚಿರುವ ಕಾಲದಲ್ಲಿ ಅದು ಉಪಕಾರಿಯೂ ಹೌದು. ವಾರಗಟ್ಟಲೆ ಶೂನ್ಯದ ಕೆಳಗಿರುವ ಚಳಿಗೆ ಆ ಉತ್ತರ ಸಾಲದು. ಅದಕ್ಕೇ ತಿಳಿದವರು ಮಾಡಿಗೆ ಶಾಖನಿರೋಧಕವನ್ನು ಧಾರಾಳವಾಗಿ ತುಂಬಿಸಿ, ತೋಡುಗಳಲ್ಲಿ ಉಣ್ಣೆಯನ್ನೋ ಪಟ್ಟಿಯನ್ನೋ ಒತ್ತರಿಸಿ, ಗೋಡೆಯ ಕೊರತೆಯನ್ನು ಬೇರೆ ಕಡೆ ತುಂಬಿಕೊಳ್ಳುತ್ತಾರೆ. ಇದೂ ಬಜೆಟ್ಟಿನ ಸಾಲೇ.

ಮನೆ ಮುಗಿದ ಮೇಲೂ ಖರ್ಚು ಮುಗಿಯುವುದಿಲ್ಲ. ಬಿಸಿಲು, ಮಳೆ ಬೀಳುವ ಬದಿಗೆ ಕೆಲವು ವರ್ಷಕ್ಕೊಮ್ಮೆ ರಕ್ಷಕ ಲೇಪ ಬೇಕು. ಮೇಲ್ಮುಖವಾಗಿ ಬಿರಿದ ಕಡೆ ನೀರು ನಿಲ್ಲದಂತೆ ತುಂಬಬೇಕು. ಸೂರನ್ನು ಎರಡು ಮೂರು ಅಡಿ ಮುಂದಕ್ಕೆ ಚಾಚಿ, ದಿಮ್ಮಿಗಳನ್ನು ನೆಲದಿಂದ ಎತ್ತರದಲ್ಲಿಟ್ಟರೆ ಈ ಖರ್ಚು ಬಹಳ ಇಳಿಯುತ್ತದೆ. ಮಳೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಸುಬಿಗೇ ಬಂದ ಕಷ್ಟಗಳು ಬೇರೆ. 2008ರ ಮನೆಸಾಲದ ಬಿಕ್ಕಟ್ಟಿನಲ್ಲಿ, ರಜಾದಿನದ ಎರಡನೆಯ ಮನೆ ಕಟ್ಟಿಸುತ್ತಿದ್ದವರು ಮೊದಲು ಕೈಬಿಟ್ಟದ್ದು ಈ ಆಸೆಯನ್ನೇ. 1990ರ ದಶಕದ ಕೊನೆಯಿಂದ ಪೈನ್ ಕಾಂಡದ ಜೀರುಂಡೆ ಬ್ರಿಟಿಷ್ ಕೊಲಂಬಿಯಾದ ಕಾಡುಗಳನ್ನು ಕೋಟಿಗಟ್ಟಲೆ ಎಕರೆಗಳಲ್ಲಿ ಒಣಗಿಸಿತು. ಚಳಿಗಾಲ ಮೊದಲಿನಷ್ಟು ಕಟುವಾಗಿರದೆ ಹುಳು ಸಾಯದೆ ಉಳಿದದ್ದು ಅದಕ್ಕೊಂದು ಕಾರಣ. ನಿಂತಲ್ಲೇ ಒಣಗಿದ ಆ ಮರಗಳಲ್ಲಿ ಗಟ್ಟಿಯಿದ್ದವು ಮನೆಗೆ ಒದಗಿದವು, ಅವುಗಳಲ್ಲಿ ಇಳಿತವೂ ಕಡಿಮೆ. ಆದರೆ ಸತ್ತ ಕಾಡಿನ ಮೇಲೆ ಕಸುಬು ಬಹುಕಾಲ ನಿಲ್ಲದು. ಈಚೆಗೆ ಬೇಸಿಗೆಯ ಕಾಳ್ಗಿಚ್ಚುಗಳು ಹೆಚ್ಚಿ, ಕಾಡಂಚಿನ ಮನೆಗಳಿಗೆ ವಿಮೆಯೂ ಭಾರವಾಗಿದೆ. ಕೈಯಿಂದ ಗೆರೆ ಎಳೆದು ತೋಡು ಕೊರೆಯುವವನಿಗೆ ಯಂತ್ರದ ದಿಮ್ಮಿಯ ಜೊತೆಗಿನ ಪೈಪೋಟಿ ಹೇಗೂ ಇದೆ. ಮ್ಯಾಕಿ ಕಲಿಸಿದ್ದು ಗೃಹಸ್ಥರು ತಮ್ಮ ಮನೆಯನ್ನು ತಾವೇ ಕಟ್ಟಿಕೊಳ್ಳಲೆಂದು. ಆ ವಿದ್ಯೆಯ ಫಲ ಇಂದು ಹೆಚ್ಚಾಗಿ ದೊರಕುವುದು ಹಣವುಳ್ಳವರಿಗೆ.

ಉತ್ತರ ಅಮೆರಿಕದಲ್ಲಿ ನೆಲೆಸಿ ಇಂಥ ಮನೆಯ ಆಸೆ ಇಟ್ಟುಕೊಂಡಿರುವ ಕನ್ನಡಿಗರಿದ್ದರೆ ಅವರಿಗೊಂದು ವಿನಂತಿ. ಕಂಪನಿಯ ಮಾದರಿ ಮನೆಯನ್ನು ಆಮೇಲೆ ನೋಡಿ. ಅದೇ ಬಡಗಿ ಹತ್ತು ವರ್ಷದ ಹಿಂದೆ ಕಟ್ಟಿದ ಮನೆಯೊಂದಕ್ಕೆ ಮೊದಲು ಹೋಗಿ ಬನ್ನಿ. ಕಿಟಕಿಯ ಮೇಲಿನ ಪಟ್ಟಿ ತೆಗೆಸಿ ಎಷ್ಟು ಜಾಗ ಉಳಿದಿದೆ ಎಂದು ನೋಡಿ, ಜ್ಯಾಕನ್ನು ಕೊನೆಯ ಸಲ ಯಾವಾಗ ತಿರುಗಿಸಿದಿರಿ ಎಂದು ಮನೆಯವರನ್ನು ಕೇಳಿ, ಲೇಪಕ್ಕೆ ಆದ ಖರ್ಚಿನ ಬಿಲ್ಲು ಇದ್ದರೆ ಅದನ್ನೂ ಕೇಳಿ. ನಕ್ಷೆ ಬರೆಸುವುದು ಅದಾದ ಮೇಲೆ.