ಮತ್ತೆ ಮತ್ತೆ ಕೆಡುವ ಅಂಚೆಯ ಫೈಲು

ಗುಮಾಸ್ತನಿಗೆ ಕಿರ್ದಿ-ಖಾತೆಗಳು ಹೇಗೆ ಆಧಾರವೋ ಇಮೇಲ್ ಪತ್ರಗಳೂ ಇಂದು ಹಾಗೆಯೇ ಆಧಾರವಾಗಿವೆ. ಫೋರ್ಟಿನ ಕಚೇರಿಯಲ್ಲಿರಲಿ, ಮಾಟುಂಗದ ಹೋಟೆಲಿನ ಗಲ್ಲಾದ ಬಳಿಯಿರಲಿ, ಗಿರಾಕಿಯ ಆರ್ಡರು, ಬಾಕಿಯ ಬಿಲ್ಲು, ಪ್ರಾವಿಡೆಂಟ್ ಫಂಡಿನ ಕಾಗದ ಎಲ್ಲವೂ ಕಂಪ್ಯೂಟರಿನಲ್ಲಿಯೇ ಉಂಟು. ಒಂದು ದಿನ ಆ ಫೈಲು ತೆರೆಯದೆಹೋದರೆ, ಕೆಟ್ಟದ್ದು ಯಂತ್ರವೇ ಆದರೂ ಯಜಮಾನರು ಉತ್ತರ ಕೇಳುವುದು ಗುಮಾಸ್ತನನ್ನೇ.

ಅನೇಕ ಕಚೇರಿಗಳಲ್ಲಿ ಬಳಕೆಯಲ್ಲಿರುವ ಹಳೆಯ ಮಾದರಿಯ ಔಟ್‌ಲುಕ್, ಪತ್ರಗಳನ್ನೆಲ್ಲ ಪಿಎಸ್‌ಟಿ ಎಂಬ ಒಂದೇ ಫೈಲಿನಲ್ಲಿ ತುಂಬಿಡುತ್ತದೆ. ಯಾವ ಪತ್ರ ಎಲ್ಲಿದೆಯೆಂಬ ಅನುಕ್ರಮಣಿಕೆಯೂ ಅದರೊಳಗೇ ಇರುತ್ತದೆ. ಬರೆಯುತ್ತಿರುವಾಗಲೇ ವಿದ್ಯುತ್ತು ಹೋದರೆ ಅನುಕ್ರಮಣಿಕೆಗೂ ಪುಟಗಳಿಗೂ ತಾಳೆ ತಪ್ಪುತ್ತದೆ. ಫೈಲು ಕೆಟ್ಟಿತೆನ್ನುವುದು ಇದಕ್ಕೇ.

ಕೆಟ್ಟೊಡನೆ ಮಾಡತಕ್ಕದ್ದು ಇಷ್ಟು. ಔಟ್‌ಲುಕ್ಕನ್ನು ಮುಚ್ಚಿ, ಫೈಲಿನ ಒಂದು ಪ್ರತಿಯನ್ನು ಬೇರೊಂದು ಡಿಸ್ಕಿಗೆ ತೆಗೆದಿಡಬೇಕು. ಅನಂತರ ಆಫೀಸ್ ತಂತ್ರಾಂಶದೊಡನೆಯೇ ಬರುವ ಸ್ಕ್ಯಾನ್‌ಪಿಎಸ್‌ಟಿ ಎಂಬ ದುರಸ್ತಿ ಸಾಧನವನ್ನು ನಡೆಸಬೇಕು. ಒಂದು ಸಲಕ್ಕೆ ಎಲ್ಲ ದೋಷಗಳೂ ಹೋಗಲಿಕ್ಕಿಲ್ಲ. ದೋಷವಿಲ್ಲವೆಂದು ಅದು ಹೇಳುವ ತನಕ ಮರಳಿ ನಡೆಸಬೇಕು. ಸ್ಥಾನ ತಪ್ಪಿದ ಪತ್ರಗಳು ‘ಲಾಸ್ಟ್ ಅಂಡ್ ಫೌಂಡ್’ ಎಂಬ ಫೋಲ್ಡರಿನಲ್ಲಿ ದೊರೆಯಬಹುದು.

ಆದರೆ ಫೈಲು ತಿಂಗಳಿಗೊಮ್ಮೆ ಕೆಡುತ್ತಿದ್ದರೆ? ಹೋಟೆಲಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಾಲು ಒಂದು ದಿನ ಒಡೆದರೆ ಹಾಲನ್ನು ಚೆಲ್ಲಬಹುದು. ದಿನವೂ ಒಡೆಯುತ್ತಿದ್ದರೆ ಪಾತ್ರೆಯನ್ನು ನೋಡಬೇಕು. ಬರಿಯ ದುರಸ್ತಿಯಿಂದ ಕಾರಣವು ಹೋಗದು.

ಮೊದಲು ಫೈಲು ಇರುವ ಜಾಗವನ್ನು ನೋಡಿರಿ. ಎಲ್ಲರೂ ಬಳಸುವ ನೆಟ್‌ವರ್ಕ್ ಡಿಸ್ಕಿನಲ್ಲಿ ಪಿಎಸ್‌ಟಿಯನ್ನಿಟ್ಟು ನಿತ್ಯ ಬಳಸುವುದನ್ನು ಮೈಕ್ರೋಸಾಫ್ಟ್ ಒಪ್ಪುವುದಿಲ್ಲ. ಒನ್‌ಡ್ರೈವ್‌ನಂಥ ಕಡೆಯೂ ಅದು ಕ್ಷೇಮವಲ್ಲ. ತಮ್ಮ ಕಂಪ್ಯೂಟರಿನ ಸ್ವಂತ ಡಿಸ್ಕೇ ಅದಕ್ಕೆ ತಕ್ಕ ಸ್ಥಳ.

ಎರಡನೆಯದು ಗಾತ್ರ. 2002ರ ಮತ್ತು ಅದಕ್ಕೂ ಹಿಂದಿನ ಔಟ್‌ಲುಕ್ಕಿನ ಫೈಲಿಗೆ 2 ಗಿಗಾಬೈಟುಗಳ ಮಿತಿಯಿತ್ತು. 2003 ಮತ್ತು 2007ರವುಗಳಲ್ಲಿ ಅದು ಸಾಮಾನ್ಯವಾಗಿ 20, 2010ರಿಂದೀಚೆಗೆ 50 ಗಿಗಾಬೈಟು. ತಂತ್ರಾಂಶ ಹೊಸದಾದರೂ ಫೈಲು ಹಳೆಯ ರೀತಿಯದೇ ಆಗಿದ್ದರೆ ಹಳೆಯ ಮಿತಿಯೇ ಅನ್ವಯಿಸುತ್ತದೆ.

ಮೂರನೆಯದು ಡಿಸ್ಕಿನ ಆರೋಗ್ಯ. ಇತರ ಫೈಲುಗಳೂ ಕೆಡುತ್ತಿದ್ದರೆ ಚೆಕ್‌ಡಿಸ್ಕ್ ನಡೆಸಿ ಪರೀಕ್ಷಿಸಬೇಕು. ಡಿಸ್ಕು ಸವೆದಿದ್ದರೆ ಬದಲಾಯಿಸುವುದೇ ಮದ್ದು. ನಾಲ್ಕನೆಯದು ನಮ್ಮ ಅಭ್ಯಾಸ. ಸಂಜೆಯ ಲೋಕಲ್ ಗಾಡಿಯ ಆತುರದಲ್ಲಿ ಗುಂಡಿ ಒತ್ತಿ ಯಂತ್ರವನ್ನು ಆರಿಸಬಾರದು; ಔಟ್‌ಲುಕ್ ಪೂರ್ತಿ ಮುಚ್ಚುವ ತನಕ ತಾಳಬೇಕು. ವಿದ್ಯುತ್ತು ನಂಬಿಕೆಗೆ ಅರ್ಹವಲ್ಲದ ಕಡೆ ಯುಪಿಎಸ್ ಅವಶ್ಯ. ಇಷ್ಟಾದರೂ ತೊಂದರೆ ನಿಲ್ಲದಿದ್ದರೆ ಔಟ್‌ಲುಕ್ಕಿಗೆ ಜೋಡಿಸಿದ ಆಡ್-ಇನ್‌ಗಳನ್ನು ಒಂದೊಂದಾಗಿ ತೆಗೆದು ನೋಡಿರಿ. ಪದೇಪದೇ ದುರಸ್ತಿಯಾದ ಫೈಲನ್ನೇ ನೆಚ್ಚಿಕೊಳ್ಳದೆ, ಹೊಸ ಪಿಎಸ್‌ಟಿಯೊಂದನ್ನು ರಚಿಸಿ ಪತ್ರಗಳನ್ನು ಅದಕ್ಕೆ ಸಾಗಿಸುವುದು ಒಳಿತು.

ಇನ್ನೊಂದು ಮಾತನ್ನು ಮರೆಯಬಾರದು. ಎಕ್ಸ್‌ಚೇಂಜ್ ಖಾತೆಯಾದರೆ ಮೂಲಪತ್ರಗಳು ಸರ್ವರಿನಲ್ಲಿರುತ್ತವೆ. ತಮ್ಮಲ್ಲಿರುವ ಓಎಸ್‌ಟಿ ಫೈಲು ಅದರ ಪಡಿಯಚ್ಚು, ಕೆಟ್ಟರೆ ಪುನಃ ಇಳಿಸಿಕೊಳ್ಳಬಹುದು. ಪಾಪ್ ಖಾತೆಯಲ್ಲಾದರೋ, ಪ್ರತಿಯನ್ನು ಸರ್ವರಿನಲ್ಲಿ ಉಳಿಸುವ ಏರ್ಪಾಡು ಇಲ್ಲದಿದ್ದರೆ, ಪಿಎಸ್‌ಟಿಯಲ್ಲಿರುವುದೇ ಜಗತ್ತಿನಲ್ಲಿ ಇರುವ ಒಂದೇ ಪ್ರತಿ. ತಮ್ಮದು ಯಾವ ಬಗೆಯ ಖಾತೆಯೆಂಬುದನ್ನು ಫೈಲು ಕೆಡುವ ಮೊದಲೇ ಕೇಳಿ ತಿಳಿದುಕೊಳ್ಳಿರಿ. ಪಾಪ್ ಎಂದಾದರೆ, ಪ್ರತಿ ಶನಿವಾರ ಔಟ್‌ಲುಕ್ ಮುಚ್ಚಿದ ಮೇಲೆ ಒಂದು ಪ್ರತಿಯನ್ನು ಬೇರೆ ಡಿಸ್ಕಿಗೆ ಇಳಿಸಿಯೇ ಮನೆಯ ದಾರಿ ಹಿಡಿಯಿರಿ.