ಎಂಟು ಶಾಲೆ, ಒಂದು ಶ್ರುತಿ

ಆಗಸ್ಟ್ ಎರಡನೇ ವಾರ. ರಾತ್ರಿಯ ಮಳೆಗೆ ನೆನೆದ ತಾಲ್ಲೂಕು ಕ್ರೀಡಾಂಗಣದ ಕೆಮ್ಮಣ್ಣು ಚಪ್ಪಲಿಗೆ ಅಂಟುತ್ತಿದೆ. ಒಂದೊಂದೇ ಶಾಲೆ ಗೇಟು ದಾಟಿ ಬರುತ್ತದೆ: ನೀಲಿ ಲಂಗದ ಸರ್ಕಾರಿ ಶಾಲೆಯ ಹುಡುಗಿಯರು, ಟೈ ಕಟ್ಟಿದ ಕಾನ್ವೆಂಟ್ ಮಕ್ಕಳು, ಬಿಳಿ ದುಪಟ್ಟಾ ಹೊದ್ದ ಉರ್ದು ಶಾಲೆಯವರು, ತಾಂಡಾದಿಂದ ಟೆಂಪೋದಲ್ಲಿ ಬಂದಿಳಿದ ಹತ್ತು ಹನ್ನೆರಡು ಮಂದಿ. ಸ್ವಾತಂತ್ರ್ಯ ದಿನದ ಸಾಮೂಹಿಕ ಗಾಯನಕ್ಕೆ ತಾಲೀಮು. ಪಿ.ಟಿ. ಮೇಷ್ಟ್ರು ಸೀಟಿ ಊದಿ ಸಾಲು ಮಾಡಿಸುತ್ತಾರೆ. ಮಕ್ಕಳು ತಂತಮ್ಮ ಶಾಲೆಯವರ ಪಕ್ಕ ಬಿಟ್ಟು ಅಲುಗುವುದಿಲ್ಲ. ಓರೆಗಣ್ಣಿನಲ್ಲಿ ಆಚೆ ಸಾಲಿನ ಷೂ, ಬ್ಯಾಡ್ಜು ನೋಡುತ್ತಾರೆ.

ನಾಡಗೀತೆ ಎತ್ತಿಕೊಂಡ ಕೂಡಲೇ ಗಲಿಬಿಲಿ. ಕುವೆಂಪು ಅವರ ಈ ಗೀತೆ 2004ರಲ್ಲಿ ಅಧಿಕೃತವಾಗಿ ನಾಡಗೀತೆಯಾಯಿತು. ಆದರೆ ಎಷ್ಟೋ ವರ್ಷ ಒಂದೊಂದು ಶಾಲೆ ಒಂದೊಂದು ಧಾಟಿಯಲ್ಲಿ ಹಾಡಿಕೊಂಡು ಬಂತು. ಮೈಸೂರು ಅನಂತಸ್ವಾಮಿ ಅವರ ಧಾಟಿ, 2 ನಿಮಿಷ 30 ಸೆಕೆಂಡ್ ಅವಧಿ ಎಂದು ಸರ್ಕಾರ ಗೊತ್ತುಮಾಡಿದ್ದು 2022ರ ಸೆಪ್ಟೆಂಬರಿನಲ್ಲಿ. ಆದೇಶ ಬಂದರೂ ನಾಲಿಗೆಯ ರೂಢಿ ಅಷ್ಟು ಬೇಗ ಬಿಡುತ್ತದೆಯೇ? ಒಂದು ಶಾಲೆ ಸಾಲನ್ನು ಎರಡು ಸಲ ಹಾಡುವ ಹೊತ್ತಿಗೆ ಇನ್ನೊಂದು ಶಾಲೆ ಮುಂದಿನ ಸಾಲಿಗೆ ಹೋಗಿರುತ್ತದೆ. ಉರ್ದು ಶಾಲೆಯ ಹುಡುಗಿಯೊಬ್ಬಳು ಪಕ್ಕದವಳ ಮೊಣಕೈ ಹಿಡಿದು, "ಏ, ಇಲ್ಲಿ ಒಂದೇ ಸಲ ಕಣೆ" ಅನ್ನುತ್ತಾಳೆ. ಎರಡು ಶಾಲೆಗಳ ನಡುವೆ ಅವತ್ತು ಆಡಿದ ಮೊದಲ ಮಾತು ಅದು.

ಸಂಗೀತದ ಟೀಚರ್ ಇರುವುದು ಎಂಟು ಶಾಲೆಗೆ ಒಬ್ಬರೇ. ನಮ್ಮ ಬಹುತೇಕ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಹಾಡು ಕಲಿಸುವ ಹೊಣೆ ಕನ್ನಡ ಮೇಷ್ಟ್ರದೋ, ಗಣಿತದ ಮೇಡಂ ಅವರದೋ ಆಗಿರುತ್ತದೆ. ಅವರು ಪ್ರೀತಿಯಿಂದಲೇ ಕಲಿಸುತ್ತಾರೆ, ಆದರೆ ತಮ್ಮ ಕಂಠಕ್ಕೆ ಒಗ್ಗುವ ಶ್ರುತಿಯಲ್ಲಿ. ಮೇಷ್ಟ್ರ ಶ್ರುತಿಯಲ್ಲಿ ಹಾಡುವ ಮಕ್ಕಳ ದನಿ ಕೆಳಗಿನ ಸ್ವರಗಳಿಗೆ ಇಳಿದಲ್ಲೆಲ್ಲ ಬರೀ ಉಸಿರಾಗುತ್ತದೆ. ಟೀಚರ್ ಹಾರ್ಮೋನಿಯಂ ತಿದಿ ಒತ್ತಿ, ಶ್ರುತಿಯನ್ನು ಐದು ಮನೆಗೆ ಏರಿಸುತ್ತಾರೆ. "ಕೂಗಬೇಡಿ, ಪಕ್ಕದವರ ದನಿ ಕೇಳಿಸುವಷ್ಟು ಮೆಲ್ಲಗೆ ಹಾಡಿ." ಆಮೇಲೆ ಸಾಲುಗಳನ್ನೇ ಕಲಸಿಬಿಡುತ್ತಾರೆ: ಗಟ್ಟಿಯಾಗಿ ಶ್ರುತಿ ಹಿಡಿಯುವ ಮಗು ಒಂದು, ಅಳುಕುವ ಮಗು ಒಂದು. ಟೈ ಕಟ್ಟಿದವನ ಬಲಕ್ಕೆ ತಾಂಡಾದ ಹುಡುಗ. ತಾಂಡಾದವನು ಮೇಲಿನ ಷಡ್ಜವನ್ನು ಎಷ್ಟು ಸಲೀಸಾಗಿ ಮುಟ್ಟುತ್ತಾನೆಂದರೆ ಟೈ ಹುಡುಗ ತಿರುಗಿ ನೋಡಿ, ತಾನೂ ಎದೆ ಸೆಟೆಸಿ ನಿಲ್ಲುತ್ತಾನೆ.

ಬಯಲಿನಲ್ಲಿ ಇನ್ನೊಂದು ಪಾಠವೂ ಇದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. 50 ಮೀಟರ್ ಆಚೆಯ ಹಿಂದಿನ ಸಾಲಿಗೆ ಹಾರ್ಮೋನಿಯಂ ಮುಟ್ಟುವಷ್ಟರಲ್ಲಿ ಸೆಕೆಂಡಿನ ಏಳರಲ್ಲೊಂದು ಪಾಲು ಕಳೆದಿರುತ್ತದೆ. ಕಿವಿಯನ್ನಷ್ಟೇ ನಂಬಿದರೆ ತಾಳ ಜಾರಿತೆಂದೇ ಲೆಕ್ಕ. ಅದಕ್ಕೇ ಟೀಚರ್ ಮೇಜು ಹತ್ತಿ ಕೈ ಬೀಸುತ್ತಾರೆ. ಎಂಟೂ ಶಾಲೆಯ ಕಣ್ಣು ಆ ಕೈಯ ಮೇಲೆ.

ಶಾಲೆ ಶಾಲೆಗಳ ನಡುವೆ ಸ್ಪರ್ಧೆ ನಡೆಸುವ ಪ್ರತಿಭಾ ಕಾರಂಜಿಯ ಬಗ್ಗೆ ನನಗೆ ಗೌರವವಿದೆ. ಹಳ್ಳಿಯ ಎಷ್ಟೋ ಮಕ್ಕಳಿಗೆ ಮೊದಲ ವೇದಿಕೆ ಕೊಟ್ಟದ್ದು ಅದೇ. ಆದರೆ ಅಲ್ಲಿ ಒಂದು ಶಾಲೆ ಗೆಲ್ಲಲು ಉಳಿದವು ಸೋಲಲೇಬೇಕು. ಇಲ್ಲಿ ಪಕ್ಕದ ಶಾಲೆ ಚೆನ್ನಾಗಿ ಹಾಡಿದರೆ ಮಾತ್ರ ನಮ್ಮದೂ ಚೆಂದ. ಮಕ್ಕಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ, ಹಾಡುತ್ತಿದ್ದರೆ ತಾನೇ ಗೊತ್ತಾಗುತ್ತದೆ. ದೊಡ್ಡ ಶಾಲೆಯ ಬೀರುವಿನಲ್ಲಿರುವ ಡ್ರಮ್ಮು, ಬ್ಯೂಗಲ್ಲು ವರ್ಷದ ಬಹುಪಾಲು ಸುಮ್ಮನಿರುತ್ತವೆ. ಅವು ಪಕ್ಕದ ಊರಿಗೂ ಹೋಗಿ ಬರಲಿ. ಕ್ಲಸ್ಟರಿನ ಶಿಕ್ಷಕರು ಸಭೆಗೆ ಸೇರುವಂತೆ ಮಕ್ಕಳೂ ಹಾಡಲು ಸೇರಲಿ. ಒಬ್ಬ ಸಂಗೀತ ಶಿಕ್ಷಕಿ ಎಂಟು ಶಾಲೆಗೆ ಒದಗಲು ಬೇಕಾದದ್ದು ಒಂದು ವೇಳಾಪಟ್ಟಿ, ಓಡಾಟದ ಖರ್ಚು, ಮುಖ್ಯೋಪಾಧ್ಯಾಯರ ಒಪ್ಪಿಗೆ.

ತಾಲೀಮು ಮುಗಿದು ಬಿಸ್ಕತ್ತು ಹಂಚುವ ಹೊತ್ತಿಗೆ ಸಾಲುಗಳು ಮತ್ತೆ ಶಾಲೆವಾರು ಆಗುವುದೇ ಇಲ್ಲ. ಹೆಸರು ಕೂಗಿ ಕೂಗಿ ಪಿ.ಟಿ. ಮೇಷ್ಟ್ರಿಗೆ ಗಂಟಲು ಕಟ್ಟುತ್ತದೆ. ತಾಂಡಾ ಶಾಲೆಯ ಮೇಡಂ ಟೀಚರ್ ಬಳಿ ಬಂದು, ಫೋನಿನಲ್ಲಿ ಶ್ರುತಿ ಹಾಕಿಕೊಳ್ಳುವುದು ಹೇಗೆಂದು ಕೇಳುತ್ತಾರೆ. ಟೀಚರ್ ತಂಬೂರಿ ಆ್ಯಪ್ ಇಳಿಸಿಕೊಟ್ಟು, ಐದು ಮನೆಗೆ ಹೊಂದಿಸಿ, ಮೇಡಂ ಕೈಯಲ್ಲೇ ಒಮ್ಮೆ ಮಾಡಿಸುತ್ತಾರೆ. "ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ನಾನೇ ಬರ್ತೀನಿ ಮೇಡಂ, ಮಕ್ಕಳನ್ನ ಒಂದು ಗಂಟೆ ಕೂರಿಸಿಕೊಳ್ಳಿ."