ಬಸ್ ಫ್ರೀ ಇರುವಾಗ ಸೈಕಲ್ ಯಾಕೆ?

ದಟ್ಟಗಳ್ಳಿಯ ನಮ್ಮ ರೂಮಿನಲ್ಲಿ ನಾವು ಮೂವರು ಹುಡುಗಿಯರು. ಮೂವರಿಗೂ ಒಂದೇ ಕೆಲಸ, ಕೆಲಸ ಹುಡುಕುವುದು. ಬೆಳಿಗ್ಗೆ ಕರೆಂಟ್ ಅಫೇರ್ಸ್, ಮಧ್ಯಾಹ್ನ ಹಳೇ ಪ್ರಶ್ನೆಪತ್ರಿಕೆ, ರಾತ್ರಿ ‘ನೋಟಿಫಿಕೇಷನ್ ಬಂತಾ?’ ಅಂತ ಒಬ್ಬರನ್ನೊಬ್ಬರು ಕೇಳುವುದು. ಪರೀಕ್ಷೆ ಮತ್ತೆ ಮುಂದಕ್ಕೆ ಹೋದ ಒಂದು ಭಾನುವಾರ ಓದಲು ಮನಸ್ಸಾಗದೆ ಯೂಟ್ಯೂಬ್ ನೋಡುತ್ತಾ ಕುಳಿತಿದ್ದೆ. ಇಂಗ್ಲೆಂಡಿನ ವಯಸ್ಸಾದ ಜೋಡಿಯೊಂದು ಸೈಕಲ್ ಮೇಲೆ ಹಳ್ಳಿ ಹಳ್ಳಿ ಸುತ್ತುವ ವಿಡಿಯೊ. ಎರಡೂ ಕಡೆ ಬೇಲಿ, ನಡುವೆ ಗಾಡಿದಾರಿಯಷ್ಟೇ ಅಗಲದ ರಸ್ತೆ, ಕುರಿಗಳು, ಜಡಿಮಳೆ, ಟೀ. ಅರ್ಧ ಗಂಟೆಯಲ್ಲಿ ಎದುರಾದ ಕಾರು ನಾಲ್ಕೇ ನಾಲ್ಕು.

‘ಇದೇನು ಮಹಾ, ನಮ್ಮೂರ ದಾರಿನೂ ಹೀಗೇ ಇದೆ’ ಎಂದೆ.

‘ಹಂಗಾದ್ರೆ ಹೋಗು’ ಎಂದಳು ರೂಮ್‌ಮೇಟ್, ಪುಸ್ತಕದಿಂದ ತಲೆ ಎತ್ತದೆ.

ನನ್ನ ಸೈಕಲ್ ಊರಿನಲ್ಲಿತ್ತು. ಎಚ್.ಡಿ. ಕೋಟೆ ತಾಲ್ಲೂಕು, ಹಂಪಾಪುರದ ಕಡೆಯ ಹಳ್ಳಿ ನಮ್ಮದು. ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟ ಸೈಕಲ್ ಅದು. 2006-07ರಲ್ಲಿ ಶುರುವಾಗಿ ಕೋವಿಡ್ ಕಾಲದಲ್ಲಿ ನಿಂತುಹೋದ ಆ ಯೋಜನೆಯ ಸೈಕಲ್ ತುಳಿದುಕೊಂಡೇ ನಮ್ಮಂಥ ಎಷ್ಟೋ ಹುಡುಗಿಯರು ಎಸ್ಸೆಸ್ಸೆಲ್ಸಿ ಮುಗಿಸಿದ್ದು. ಮುಂದೆ ಬುಟ್ಟಿ, ಹಿಂದೆ ಕ್ಯಾರಿಯರ್, ಗೇರ್ ಗೀರ್ ಏನೂ ಇಲ್ಲ. ನಾನು ಹೋಗಿ ನೋಡಿದಾಗ ಕೊಟ್ಟಿಗೆಯಲ್ಲಿ ಒರಗಿಕೊಂಡಿತ್ತು. ಬುಟ್ಟಿಯಲ್ಲಿ ಕೋಳಿ ಮೊಟ್ಟೆ ಇಡುತ್ತಿತ್ತು.

ಓವರಾಯ್ಲಿಂಗ್ ಮಾಡಿಸಿ, ಎರಡೂ ಟ್ಯೂಬು, ಬ್ರೇಕ್ ಶೂ ಬದಲಾಯಿಸುವಷ್ಟರಲ್ಲಿ ಏಳುನೂರು ರೂಪಾಯಿ ಕರಗಿತು. ‘ಟೆಂಪೊಗೆ ಹಾಕಿ ಕಳಿಸ್ತೀನಿ ಬಿಡು’ ಎಂದರು ಅಪ್ಪ. ತುಳಿದುಕೊಂಡೇ ಹೋಗುತ್ತೇನೆ ಎಂದೆ. ಅವ್ವ ಒಲೆ ಮುಂದಿನಿಂದ ಎದ್ದೇ ಬಂದಳು. ‘ಬಸ್ ಫ್ರೀ ಅಲ್ವೇನೆ? ಸೈಕಲ್ ಯಾಕೆ?’

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿಲ್ಲ. ದುಡ್ಡು ಉಳಿಯುತ್ತದೆ ಅಂತ ಹೇಳುವ ಹಾಗಿಲ್ಲ. ಎರಡು ವರ್ಷದಿಂದ ಓದುತ್ತಾ ಕುಳಿತು ಏನೂ ಮುಗಿಸಿದ ಹಾಗೆ ಅನ್ನಿಸಿಲ್ಲ, ಒಂದು ಊರಿಂದ ಇನ್ನೊಂದು ಊರಿಗೆ ನನ್ನ ಕಾಲಲ್ಲೇ ಹೋಗಿ ಮುಟ್ಟಬೇಕು ಅನ್ನಿಸಿದೆ ಎಂದು ಅವ್ವನಿಗೆ ಹೇಗೆ ಹೇಳುವುದು?

ಜನವರಿಯ ಬೆಳಿಗ್ಗೆ ಹೊರಟೆ. ಮೈಸೂರು–ಮಾನಂದವಾಡಿ ರಸ್ತೆ ಬಿಟ್ಟೆ. ಅಲ್ಲಿ ಕೇರಳದ ಲಾರಿಗಳು, ಕಬಿನಿ ರೆಸಾರ್ಟಿಗೆ ಹೋಗುವ ಕಾರುಗಳು. ಒಳದಾರಿ ಹಿಡಿದರೆ ದೂರ ಹೆಚ್ಚು, ಆದರೆ ವಿಡಿಯೊದ ಹಾಗೇ ಗಾಡಿದಾರಿ. ಹತ್ತಿ ಬಿಡಿಸಿ ಮುಗಿದ ಹೊಲ, ಶುಂಠಿ ಕಿತ್ತ ಮಣ್ಣಿನ ವಾಸನೆ, ಬೇಲಿ ಮೇಲೆ ಅವರೆ ಬಳ್ಳಿ. ಅರ್ಧ ಗಂಟೆಯಲ್ಲಿ ನಾನು ಎಣಿಸಿದ ವಾಹನ ಎರಡು, ಒಂದು ಟ್ರ್ಯಾಕ್ಟರ್, ಒಂದು ಹಾಲಿನ ವ್ಯಾನ್. ಇಂಗ್ಲೆಂಡನ್ನು ಸೋಲಿಸಿಬಿಟ್ಟೆ ಅಂದುಕೊಂಡೆ.

ಆದರೆ ಬೋರ್ಡಿನ ವಿಷಯದಲ್ಲಿ ಅವರನ್ನು ಸೋಲಿಸಲಾಗದು. ಅಲ್ಲಿ ಸೈಕಲ್ ಪ್ರವಾಸಿಗಳ ಸಂಘ ಹುಟ್ಟಿದ್ದೇ 1878ರಲ್ಲಿ. ಆಮೇಲೆ 1977ರಲ್ಲಿ ಬ್ರಿಸ್ಟಲ್‌ನ ಒಂದಿಷ್ಟು ಜನ ಸೇರಿ ಶುರುಮಾಡಿದ ಸಂಸ್ಥೆ ರೈಲು ನಿಂತುಹೋದ ಹಳೇ ಹಳಿಗಳ ಜಾಗವನ್ನೇ ಸೈಕಲ್ ದಾರಿ ಮಾಡಿತು. ಈಗ ಆ ದೇಶದ ಉದ್ದಕ್ಕೂ ನಂಬರ್ ಹಾಕಿದ ನೀಲಿ ಬೋರ್ಡುಗಳಿವೆ, ಬೋರ್ಡು ನೋಡಿಕೊಂಡು ಹೋದರೆ ಸಾಕು. ನನ್ನನ್ನು ಗೂಗಲ್ ಮ್ಯಾಪ್ ಒಂದು ಹೊಗೆಸೊಪ್ಪಿನ ಬ್ಯಾರನ್ ಬಾಗಿಲಿಗೆ ತಂದು ನಿಲ್ಲಿಸಿತು. ಮುಂದೆ ರಸ್ತೆಯೇ ಇಲ್ಲ. ಆಮೇಲೆ ಮೊಬೈಲ್ ಒಳಗಿಟ್ಟು ಅರಳಿಕಟ್ಟೆಗಳನ್ನೇ ಬೋರ್ಡು ಮಾಡಿಕೊಂಡೆ. ‘ಇಲ್ಲೇ ಕಣವ್ವ, ಒಂದ್ ಬೀಡಿ ಸೇದೋಷ್ಟು ದೂರ’ ಎಂದರು ಒಬ್ಬ ತಾತ. ಅವರ ಬೀಡಿ ಎಷ್ಟು ಉದ್ದವೋ, ಊರು ಸಿಗಲು ಮುಕ್ಕಾಲು ಗಂಟೆಯಾಯಿತು.

ನಡುವೆ ಜಾಲಿಮುಳ್ಳು ಚುಚ್ಚಿ ಹಿಂದಿನ ಚಕ್ರ ಕೂತಿತು. ತಳ್ಳಿಕೊಂಡು ಹೋದರೆ ಸಿಕ್ಕಿದ್ದು ಟ್ರ್ಯಾಕ್ಟರ್ ಟೈರಿನ ಅಂಗಡಿ. ಅಂಗಡಿಯವರು ಮೂವತ್ತು ರೂಪಾಯಿಯಲ್ಲಿ ಒಂದು ರೂಪಾಯಿ ಬಿಡಲಿಲ್ಲ, ಆದರೆ ಕೆಲಸ ಕಲಿಸಿಕೊಟ್ಟರು. ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡಬೇಕು. ಆ ಜಾಗವನ್ನು ಉಪ್ಪುಕಾಗದದಲ್ಲಿ ಉಜ್ಜಬೇಕು. ಸೊಲ್ಯೂಷನ್ ಹಚ್ಚಿದ ತಕ್ಷಣ ಪ್ಯಾಚ್ ಒತ್ತಬಾರದು, ಸ್ವಲ್ಪ ಒಣಗಲು ಬಿಡಬೇಕು. ಎಲ್ಲಕ್ಕಿಂತ ಮುಖ್ಯ, ಟ್ಯೂಬ್ ವಾಪಸ್ ಹಾಕುವ ಮೊದಲು ಟೈರಿನ ಒಳಗೆ ಬೆರಳಾಡಿಸಿ ಮುಳ್ಳು ಕೀಳಬೇಕು. ಇಲ್ಲದಿದ್ದರೆ ಹತ್ತು ಹೆಜ್ಜೆಗೆ ಮತ್ತೆ ಪಂಕ್ಚರ್.

ಇಲ್ಲಿಯವರೆಗೆ ಎಲ್ಲವನ್ನೂ ಅವತ್ತೇ ಫೋನಿನಲ್ಲಿ ಅವ್ವನಿಗೆ ಹೇಳಿದ್ದೆ. ಮುಂದಿನದನ್ನು ಹೇಳಲು ಒಂದು ತಿಂಗಳಾಯಿತು.

ಜಯಪುರ ಇನ್ನೂ ದೂರವಿತ್ತು. ಎರಡು ಊರುಗಳ ಮಧ್ಯೆ, ಒಂದು ಮನೆಯೂ ಕಾಣದ ಜಾಗ. ಇಬ್ಬರು ಕೂತ ಒಂದು ಬೈಕ್ ನನ್ನನ್ನು ದಾಟಿ ಹೋಯಿತು. ಸ್ವಲ್ಪ ಮುಂದೆ ನಿಧಾನವಾಯಿತು, ತಿರುಗಿ ಬಂತು, ಮತ್ತೆ ಹಿಂದಿನಿಂದ ಬಂತು. ಪಕ್ಕದಲ್ಲೇ ಓಡಿಸುತ್ತಾ ಏನೋ ಕೇಳಿದರು, ನಕ್ಕರು. ನಾನು ತಲೆ ಎತ್ತಲಿಲ್ಲ. ಅರ್ಧ ಗಂಟೆ ಮೊದಲು ಅಷ್ಟು ಚೆಂದ ಅನ್ನಿಸಿದ್ದ ಅದೇ ಮೌನದಲ್ಲಿ ನನ್ನ ಸೈಕಲ್ ಚೈನಿನ ಸದ್ದು ಮಾತ್ರ ಕೇಳುತ್ತಿತ್ತು. ಕೂಗಿದರೆ ಯಾರಿಗೆ ಕೇಳಬೇಕು?

ತಿರುವು ದಾಟಿದರೆ ರಸ್ತೆ ತುಂಬ ರಾಗಿ ತೆನೆ. ನಾಲ್ಕೈದು ಹೆಂಗಸರು ಒಕ್ಕಣೆ ಮಾಡುತ್ತಿದ್ದರು. ಸೈಕಲ್ ಹುಲ್ಲಿನೊಳಗೆ ಸಿಕ್ಕಿ ನಿಂತಿತು.

‘ಯಾಕವ್ವ, ಹಿಂಗೆ ಏದುಸಿರು ಬಿಡ್ತಿದೀಯ?’ ಎಂದಿತು ಒಂದು ಅಜ್ಜಿ. ನಾನು ಹಿಂದೆ ನೋಡಿದೆ, ಅಜ್ಜಿಯೂ ನೋಡಿತು. ಕೈಯಲ್ಲಿದ್ದ ಕವೆಗೋಲು ನೆಟ್ಟಗೆ ಹಿಡಿದು ‘ಯಾವೂರ್ಲಾ ನಿಮ್ದು?’ ಎಂದು ಕೇಳಿದ್ದಷ್ಟೇ. ಬೈಕ್ ಬಂದ ದಾರಿ ಹಿಡಿಯಿತು.

ರಸ್ತೆ ಮೇಲೆ ಒಕ್ಕಣೆ ಮಾಡಬೇಡಿ, ಬೈಕ್ ಜಾರಿ ಜನ ಬೀಳುತ್ತಾರೆ ಎಂದು ಪ್ರತಿ ಸುಗ್ಗಿಗೂ ಅಧಿಕಾರಿಗಳು ಹೇಳುತ್ತಾರೆ. ಅವರು ಹೇಳುವುದು ಸರಿ. ನನ್ನ ಚೈನಿಗೆ ಸುತ್ತಿಕೊಂಡ ಹುಲ್ಲು ಬಿಡಿಸಲೂ ಹತ್ತು ನಿಮಿಷ ಬೇಕಾಯಿತು. ಆದರೂ ಅವತ್ತು ಆ ಒಕ್ಕಣೆ ಅಲ್ಲಿ ಇಲ್ಲದಿದ್ದರೆ ಎಂದು ಯೋಚಿಸಿದರೆ ಈಗಲೂ ಅಂಗೈ ಬೆವರುತ್ತದೆ. ದಟ್ಟಗಳ್ಳಿ ತಲುಪಿದಾಗ ಮಧ್ಯಾಹ್ನ ಎರಡೂವರೆ. ಖುಷಿಯೋ ಭಯವೋ ಗೊತ್ತಾಗದೆ ಸೈಕಲ್‌ಗೆ ಬೀಗ ಹಾಕಿ ಮಲಗಿಬಿಟ್ಟೆ.

ವಿಷಯ ಕೇಳಿದ ಮೇಲೆ ಅವ್ವ ಅಂದದ್ದು ಒಂದೇ ಮಾತು, ‘ಇನ್ನು ಅದನ್ನ ಮುಟ್ಟಬೇಡ.’ ಎರಡು ವಾರ ಮುಟ್ಟಲಿಲ್ಲ. ಆಮೇಲೆ ಒಂದು ಒಪ್ಪಂದವಾಯಿತು. ಪ್ರತಿ ಊರಿನಲ್ಲೂ ಅವ್ವನಿಗೆ ಒಂದು ಮಿಸ್ಡ್ ಕಾಲ್.

ಈಗ ನನ್ನ ಹತ್ತಿರ ಬೇರೆ ತರಹದ ಮ್ಯಾಪ್ ಇದೆ. ಅದರಲ್ಲಿ ದಾರಿಗಿಂತ ಹೊತ್ತು ಮುಖ್ಯ. ಬೆಳಿಗ್ಗೆ ಡೇರಿಗೆ ಹಾಲು ಹಾಕುವ ಹೊತ್ತಿನಲ್ಲಿ ಯಾವ ಒಳದಾರಿಯಲ್ಲೂ ಜನ ಇರುತ್ತಾರೆ, ಆದರೆ ಸದ್ದಿರುವುದಿಲ್ಲ. ಅದಾದ ಮೇಲೆ ಶಾಲೆ ಮಕ್ಕಳು. ಹನ್ನೊಂದು ದಾಟಿದರೆ ಒಳದಾರಿ ಬಿಟ್ಟು ದೊಡ್ಡ ರಸ್ತೆಗೆ ಬಂದುಬಿಡುತ್ತೇನೆ. ವಿಡಿಯೊದ ಆ ಜೋಡಿಗೆ ಈ ಲೆಕ್ಕ ಬೇಕಿರಲಿಲ್ಲ ಅನ್ನಿಸುತ್ತದೆ. ಹುಡುಗರಿಗೂ ಅಷ್ಟಾಗಿ ಬೇಡ.

ಅಷ್ಟು ದೂರ ಹೋಗಲಾಗದ ದಿನ ರೂಮಿನ ಹತ್ತಿರವೇ ಲಿಂಗಾಂಬುಧಿ ಕೆರೆ ಇದೆ. 1828ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ್ದು. ಅಲ್ಲಿಂದ ರಿಂಗ್ ರೋಡ್ ದಾಟುವುದೇ ದೊಡ್ಡ ಸಾಹಸ, ದಾಟಿಬಿಟ್ಟರೆ ಬೋಗಾದಿ–ಗದ್ದಿಗೆ ರಸ್ತೆಯ ಕಡೆ ಹೊಲಗಳು ಸಿಗುತ್ತವೆ. ಸಿಗುತ್ತಿದ್ದವು ಅನ್ನಬೇಕೇನೋ. ಹೋದ ವರ್ಷ ಹುಚ್ಚೆಳ್ಳು ಹೂ ಬಿಟ್ಟಿದ್ದ ಒಂದು ಹೊಲದಲ್ಲಿ ಈ ವರ್ಷ ಸೈಟಿನ ಕಲ್ಲು ನೆಟ್ಟಿದ್ದಾರೆ. ಹಳ್ಳಿ ದಾರಿ ಶುರುವಾಗುವ ಜಾಗ ನನ್ನ ರೂಮಿನಿಂದ ದೂರ ದೂರ ಹೋಗುತ್ತಿದೆ.

ನಂಜನಗೂಡಿಗೆ ಹೋಗಿ 1735ರ ಹಳೇ ಸೇತುವೆ ನೋಡಿ ಬಂದದ್ದಾಯಿತು. ಸೋಮನಾಥಪುರ ಬಾಕಿ ಇದೆ, ಹೋಗಿ ಬರಲು ಎಂಬತ್ತು ಕಿಲೋಮೀಟರ್ ಮೇಲೆ. ಗೇರ್ ಸೈಕಲ್ ಇದ್ದರೆ ಸುಲಭ, ನಿಜ. ಆದರೆ ಸೀಟಿನ ಎತ್ತರ ಸರಿಮಾಡಿಕೊಂಡು, ಗಾಳಿ ಗಟ್ಟಿಯಾಗಿ ಹೊಡೆಸಿ, ಎರಡು ಬಾಟಲ್ ನೀರು, ಕಡಲೆಮಿಠಾಯಿ ಇಟ್ಟುಕೊಂಡರೆ ಸರ್ಕಾರಿ ಸೈಕಲ್ ಕೂಡ ಸಾಕಷ್ಟು ದೂರ ಹೋಗುತ್ತದೆ. ಏರು ಬಂದರೆ ಇಳಿದು ತಳ್ಳುವುದರಲ್ಲಿ ನಾಚಿಕೆ ಏನಿದೆ?

ಹೋದ ತಿಂಗಳು ಒಂದು ಖಾಸಗಿ ಕಂಪನಿಯ ಸಂದರ್ಶನದಲ್ಲಿ ಹವ್ಯಾಸ ಏನು ಎಂದು ಕೇಳಿದರು. ಸೈಕಲ್ ಎಂದೆ. ‘ಈಗ ಬಸ್ ಫ್ರೀ ಅಲ್ವಾ?’ ಎಂದು ಮೂವರೂ ನಕ್ಕರು. ನಾನೂ ನಕ್ಕೆ. ಕೆಲಸ ಸಿಗಲಿಲ್ಲ.

‘ಹಂಗಾದ್ರೆ ಹೋಗು’ ಅಂದಿದ್ದ ರೂಮ್‌ಮೇಟ್ ಮೊನ್ನೆ ತಮ್ಮನ ಸೈಕಲ್ ತಂದು ಮೆಟ್ಟಿಲ ಕೆಳಗೆ ನಿಲ್ಲಿಸಿದ್ದಾಳೆ. ಈ ಭಾನುವಾರ ಬೆಳಿಗ್ಗೆ ಆರಕ್ಕೆ ಲಿಂಗಾಂಬುಧಿ ಕೆರೆಯ ಹತ್ತಿರದಿಂದ ಇಬ್ಬರೂ ಸೋಮನಾಥಪುರಕ್ಕೆ ಹೊರಡುತ್ತೇವೆ. ಅವಳ ಬ್ರೇಕ್ ಸರಿಯಿಲ್ಲ, ಶನಿವಾರದೊಳಗೆ ರಿಪೇರಿ ಮಾಡಿಸಬೇಕು. ಪಂಪು, ಪ್ಯಾಚು ನನ್ನ ಬುಟ್ಟಿಯಲ್ಲಿವೆ.